ಇಂಗ್ಲಿಷ್ ಕಲಿಕೆಗೆ ಕನ್ನಡದ ಮೆಟ್ಟಿಲು

'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ.'

ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಯಲ್ಲಿ, ಸಂದರ್ಶನಕ್ಕೆ ಬಂದ ಪದವೀಧರನ ಬಾಯಲ್ಲಿ, ಅಷ್ಟೇಕೆ, ಇಂಗ್ಲಿಷಿನಲ್ಲೇ ವ್ಯವಹರಿಸುವ ಕಚೇರಿಗಳ ಪತ್ರಗಳಲ್ಲೂ ಈ ವಾಕ್ಯ ಸಿಗುತ್ತದೆ. ಮೇಷ್ಟ್ರು ಅದರ ಕೆಳಗೆ ಕೆಂಪು ಗೆರೆ ಎಳೆಯುತ್ತಾರೆ. ವಿದ್ಯಾರ್ಥಿ ಸರಿಯಾದ ವಾಕ್ಯವನ್ನು ಐದು ಸಲ ಬರೆದು ತೋರಿಸುತ್ತಾನೆ. ಮುಂದಿನ ವಾರ ಮತ್ತೆ ಅದೇ ತಪ್ಪು. 'ಎಷ್ಟು ಹೇಳಿದರೂ ಇವನಿಗೆ ಗ್ರಾಮರ್ ಹತ್ತುವುದಿಲ್ಲ' ಎಂದು ಶಾಲೆಯಲ್ಲೂ ಮನೆಯಲ್ಲೂ ತೀರ್ಮಾನವಾಗುತ್ತದೆ.

ಹುಡುಗನ ತಲೆಯೊಳಗೆ ಏನಾಯಿತು ಎಂದು ಸ್ವಲ್ಪ ನೋಡೋಣ. 'ನಿನ್ನೆ ಅವನನ್ನು ನೋಡಿದ್ದೇನೆ' ಎಂಬ ಕನ್ನಡ ವಾಕ್ಯ ಅವನ ಮನಸ್ಸಿನಲ್ಲಿತ್ತು. ಅದು ಅಚ್ಚುಕಟ್ಟಾದ, ತಪ್ಪಿಲ್ಲದ ಕನ್ನಡ. 'ನೋಡಿದ್ದೇನೆ' ಎಂಬ ಕ್ರಿಯಾರೂಪದ ಪಕ್ಕದಲ್ಲಿ 'ನಿನ್ನೆ' ಬಂದು ಕೂತರೆ ಕನ್ನಡಕ್ಕೆ ತಕರಾರಿಲ್ಲ. ಇಂಗ್ಲಿಷಿಗೆ ಇದೆ. 'ಹ್ಯಾವ್ ಸೀನ್' ಎಂದಮೇಲೆ ಮುಗಿದುಹೋದ ಕಾಲವನ್ನು ಹೆಸರಿಸಿ ಹೇಳುವಂತಿಲ್ಲ. ಹೇಳಲೇಬೇಕಾದರೆ 'ಸಾ' ಎನ್ನಬೇಕು. ಹುಡುಗ ಮಾಡಿದ್ದು ಅಜಾಗರೂಕತೆಯಲ್ಲ. ತನಗೆ ಚೆನ್ನಾಗಿ ಗೊತ್ತಿರುವ ಒಂದು ವ್ಯಾಕರಣವನ್ನು, ಅದು ನಡೆಯದ ಕಡೆ ನಡೆಸಲು ಹೋಗಿದ್ದಾನೆ. ಈ ಒಂದು ವ್ಯತ್ಯಾಸವನ್ನು ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರೆ ಹತ್ತು ನಿಮಿಷದ ಕೆಲಸ. ತೋರಿಸದೆ ಐನೂರು ಸಲ ಬರೆಸಿದರೂ ಪ್ರಯೋಜನ ಕಡಿಮೆ.

ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಒಳ್ಳೆಯ ಅಂಕ ಪಡೆದು ಪಿಯುಸಿ ವಿಜ್ಞಾನಕ್ಕೆ ಸೇರಿದಾಗ ಏನಾಗುತ್ತದೆ ಎಂಬುದನ್ನು ಅನೇಕ ಮನೆಗಳು ಕಂಡಿವೆ. ಭೌತಶಾಸ್ತ್ರ ಕಷ್ಟವಾಗಿರುವುದಿಲ್ಲ, ಭೌತಶಾಸ್ತ್ರದ ವಾಕ್ಯ ಕಷ್ಟವಾಗಿರುತ್ತದೆ. ಮೂರು ತಿಂಗಳಲ್ಲಿ 'ನಾನು ದಡ್ಡ' ಎಂಬ ಭಾವನೆ ಬೇರುಬಿಟ್ಟರೆ ಅದನ್ನು ಕೀಳುವುದು ಸುಲಭವಲ್ಲ. ನಮ್ಮ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಹಿಂದೆ ಐದನೆಯ ತರಗತಿಯಿಂದ ಆರಂಭವಾಗುತ್ತಿದ್ದ ಇಂಗ್ಲಿಷ್ 2007-08ರಿಂದ ಒಂದನೆಯ ತರಗತಿಗೇ ಬಂತು. ವರ್ಷಗಳು ಹೆಚ್ಚಿದವು, ಭಯ ಅಷ್ಟೇನೂ ಕಡಿಮೆಯಾಗಿಲ್ಲ. ಆದ್ದರಿಂದ ಅಭ್ಯಾಸ ಎಷ್ಟು ಎನ್ನುವುದಕ್ಕಿಂತ ಎಂಥ ಅಭ್ಯಾಸ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ರೆನ್ ಮತ್ತು ಮಾರ್ಟಿನ್ ಯಾರಿಗಾಗಿ?

ಮೂರು ತಲೆಮಾರಿನ ಭಾರತೀಯ ವಿದ್ಯಾರ್ಥಿಗಳ ಬ್ಯಾಗಿನಲ್ಲಿ ಭಾರವಾಗಿ ಕೂತ ಪುಸ್ತಕವೆಂದರೆ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ. 1930ರ ದಶಕದ ಈ ಪುಸ್ತಕ ಮುಖ್ಯವಾಗಿ ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳನ್ನು ಗಮನದಲ್ಲಿಟ್ಟು ಬರೆದದ್ದು. ಆ ಮಕ್ಕಳು ಊಟದ ಮೇಜಿನಲ್ಲಿ, ಆಟದ ಬಯಲಿನಲ್ಲಿ ಇಂಗ್ಲಿಷ್ ಆಡುತ್ತಲೇ ಬೆಳೆದವರು. ತಾವು ದಿನವೂ ಆಡುವ ಮಾತಿನ ಭಾಗಗಳಿಗೆ ಹೆಸರೇನು ಎಂದು ತಿಳಿಯುವುದಷ್ಟೇ ಅವರಿಗೆ ಬೇಕಿತ್ತು. ನಮ್ಮ ಮಕ್ಕಳದು ತಿರುಗುಮುರುಗು. ಹೆಸರುಗಳೆಲ್ಲ ಬಾಯಿಪಾಠ, ಹೆಸರಿಡಬೇಕಾದ ಮಾತೇ ಇನ್ನೂ ಬಂದಿಲ್ಲ. ಪುಸ್ತಕ ಕೆಟ್ಟದ್ದೆಂದು ಹೇಳುತ್ತಿಲ್ಲ. ಅನುಮಾನ ಬಂದಾಗ ತೆರೆದು ನೋಡಲು ಅದು ಈಗಲೂ ಯೋಗ್ಯವೇ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿಸಿದರೆ ಭಾಷೆ ಬರುತ್ತದೆಂಬ ನಂಬಿಕೆ ಮಾತ್ರ ಸರಿಯಲ್ಲ.

ಕನ್ನಡದ ಮಗುವಿಗೆ ಬೇಕಾದ ವ್ಯಾಕರಣವೆಂದರೆ ಕನ್ನಡ ಮತ್ತು ಇಂಗ್ಲಿಷ್ ದಾರಿಗಳು ಬೇರೆಯಾಗುವ ಜಾಗಗಳು. ಅವು ಬಹಳವೇನಿಲ್ಲ.

'ಎ', 'ಆನ್', 'ದಿ' ಎಂಬ ಮೂರು ಪುಟ್ಟ ಪದಗಳನ್ನೇ ನೋಡಿ. ಕನ್ನಡದಲ್ಲಿ ಇವು ಇಲ್ಲ, ಆದ್ದರಿಂದ ನಮಗೆ ಇವು ಎಂದೆಂದಿಗೂ ಬರುವುದಿಲ್ಲ ಎಂದು ಕೈಚೆಲ್ಲುವವರಿದ್ದಾರೆ. ಆದರೆ 'ನಾನು ಪುಸ್ತಕ ಓದಿದೆ' ಎಂಬುದಕ್ಕೂ 'ನಾನು ಪುಸ್ತಕವನ್ನು ಓದಿದೆ' ಎಂಬುದಕ್ಕೂ ವ್ಯತ್ಯಾಸವಿಲ್ಲವೆ? ಮೊದಲನೆಯದರಲ್ಲಿ ಯಾವುದೋ ಒಂದು ಪುಸ್ತಕ. ಎರಡನೆಯದರಲ್ಲಿ ನಿಮಗೂ ನನಗೂ ಗೊತ್ತಿರುವ ಆ ಪುಸ್ತಕ. ಜೀವವಿಲ್ಲದ ವಸ್ತುಗಳ ವಿಷಯದಲ್ಲಿ ನಮ್ಮ 'ಅನ್ನು' ಪ್ರತ್ಯಯ ಎಷ್ಟೋ ಸಲ 'ದಿ' ಮಾಡುವ ಕೆಲಸವನ್ನೇ ಮಾಡುತ್ತದೆ. ಎಲ್ಲ ಕಡೆ ಈ ಲೆಕ್ಕ ಹೊಂದುವುದಿಲ್ಲ, ನಿಜ. ಆದರೆ 'ಯಾವುದೋ ಒಂದು' ಮತ್ತು 'ಗೊತ್ತಿರುವ ಅದೇ' ಎಂಬ ತಿಳಿವಳಿಕೆ ಮಗುವಿನಲ್ಲಿ ಆಗಲೇ ಇದೆ ಎಂದಮೇಲೆ, ಶೂನ್ಯದಿಂದ ಶುರುಮಾಡಬೇಕಿಲ್ಲ.

'ಎ' ಎಲ್ಲಿ, 'ಆನ್' ಎಲ್ಲಿ ಎಂಬುದರಲ್ಲಂತೂ ಕನ್ನಡಿಗರಿಗೆ ಇಂಗ್ಲಿಷರಿಗಿಲ್ಲದ ಅನುಕೂಲವಿದೆ. ಮುಂದಿನ ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ. ಸ್ವರದಿಂದ ಆರಂಭವಾದರೆ 'ಆನ್', ವ್ಯಂಜನದಿಂದಾದರೆ 'ಎ'. ಗಂಟೆ ಎಂಬರ್ಥದ 'ಅವರ್' ಪದವನ್ನು ಇಂಗ್ಲಿಷಿನಲ್ಲಿ 'ಎಚ್' ಅಕ್ಷರದಿಂದ ಬರೆದರೂ ನಮ್ಮ ಲಿಪಿಯಲ್ಲಿ ಅದು 'ಅ'; ಹಾಗಾಗಿ 'ಆನ್ ಅವರ್'. 'ಯೂನಿವರ್ಸಿಟಿ' ಇಂಗ್ಲಿಷಿನಲ್ಲಿ 'ಯು' ಎಂಬ ಸ್ವರಾಕ್ಷರದಿಂದ ಶುರುವಾದರೂ ನಮಗೆ 'ಯ' ವ್ಯಂಜನ, 'ಎ ಯೂನಿವರ್ಸಿಟಿ'. 'ಆನ್ ಎಂ.ಎಲ್.ಎ.' ಕೂಡ ಹೀಗೆಯೇ. ಒಂದು ಕಡೆ ಮಾತ್ರ ನಮ್ಮ ಬರವಣಿಗೆ ಮೋಸಮಾಡುತ್ತದೆ: ನಾವು 'ಒನ್ ಡೇ' ಎಂದು ಬರೆಯುತ್ತೇವೆ, ಇಂಗ್ಲಿಷಿನವರ ಉಚ್ಚಾರ 'ವನ್'. ಆದ್ದರಿಂದ 'ಎ ವನ್-ಡೇ ಮ್ಯಾಚ್'.

ಇನ್ನೊಂದು ಕವಲು ವರದಿ ಮಾಡುವ ಮಾತಿನದು. 'ನಾನು ಬರ್ತೀನಿ ಅಂತ ರಾಮ ಹೇಳಿದ' ಎಂದಾಗ 'ನಾನು' ಯಾರು? ರಾಮನೇ. ಕನ್ನಡ ರಾಮನ ಮಾತನ್ನು ಅವನ ಬಾಯಿಂದ ಬಂದಂತೆಯೇ ಎತ್ತಿಟ್ಟು ಕೊನೆಗೆ 'ಅಂತ' ಎಂಬ ಮೊಳೆ ಹೊಡೆಯುತ್ತದೆ. ಇದನ್ನೇ 'ರಾಮ ಟೋಲ್ಡ್ ದಟ್ ಐ ವಿಲ್ ಕಮ್' ಎಂದು ಇಂಗ್ಲಿಷಿಗೆ ತಂದರೆ, ಬರುವವನು ರಾಮನಲ್ಲ, ಹೇಳುತ್ತಿರುವ ನೀವೇ ಆಗಿಬಿಡುತ್ತೀರಿ! 'ರಾಮ ಸೆಡ್ ದಟ್ ಹಿ ವುಡ್ ಕಮ್' ಎನ್ನಬೇಕು. ಪರೀಕ್ಷೆಯಲ್ಲಿ ಮಕ್ಕಳನ್ನು ಬೆವರಿಳಿಸುವ ಡೈರೆಕ್ಟ್-ಇನ್‌ಡೈರೆಕ್ಟ್ ಸ್ಪೀಚ್‌ನ ಹಿಂದಿರುವ ಗುಟ್ಟು ಇಷ್ಟೆ. ಮೊದಲು ಈ 'ಅಂತ'ವನ್ನು ಮಕ್ಕಳಿಗೆ ತೋರಿಸಿ, ಆಮೇಲೆ ಇಂಗ್ಲಿಷಿನ ನಿಯಮಗಳಿಗೆ ಹೋದರೆ ಅವು ಅರ್ಥವಿಲ್ಲದ ಕಟ್ಟಳೆಗಳಾಗಿ ಕಾಣುವುದಿಲ್ಲ.

'ಊಟ ಮಾಡಿಲ್ವಾ?' ಎಂದು ಕೇಳಿದರೆ ನಾವು 'ಹೌದು, ಮಾಡಿಲ್ಲ' ಎನ್ನುತ್ತೇವೆ. ಕೇಳಿದವರ ಊಹೆಗೆ ಹೌದೆನ್ನುತ್ತೇವೆ. ಇಂಗ್ಲಿಷಿನವನು 'ನೋ, ಐ ಹ್ಯಾವಂಟ್' ಎನ್ನುತ್ತಾನೆ. ಟೆಲಿಫೋನಿನಲ್ಲಿ ಈ 'ಹೌದು' ಎಂಥ ಗೊಂದಲವನ್ನಾದರೂ ಹುಟ್ಟಿಸೀತು. 'ನಿನ್ನೆಯೇ ಬಂದೆ' ಎಂಬುದರ 'ಏ'ಕಾರವನ್ನು 'ಓನ್ಲಿ' ಮಾಡಿ 'ಐ ಕೇಮ್ ಯೆಸ್ಟರ್‌ಡೇ ಓನ್ಲಿ' ಎನ್ನುವುದು, 'ಬಿಸಿ ಬಿಸಿ ಕಾಫಿ'ಯನ್ನು 'ಹಾಟ್ ಹಾಟ್ ಕಾಫಿ' ಮಾಡುವುದು, 'ಎಲ್ಲಿಗೆ ಹೋಗ್ತಿದೀಯ' ಎಂಬುದರ ಧಾಟಿಯಲ್ಲಿ 'ವೇರ್ ಯು ಆರ್ ಗೋಯಿಂಗ್' ಎನ್ನುವುದು ಎಲ್ಲವೂ ಇದೇ ಕುಲದವು. ಇವುಗಳಲ್ಲಿ ಕೆಲವನ್ನು ಬೆಂಗಳೂರಿನ ಇಂಗ್ಲಿಷೆಂದು ಪ್ರೀತಿಯಿಂದ ಇಟ್ಟುಕೊಳ್ಳಬಹುದು. ಗೆಳೆಯರ ನಡುವೆ 'ಹಾಟ್ ಹಾಟ್ ಕಾಫಿ'ಯೇ ಹೆಚ್ಚು ಬಿಸಿ ಎಂದು ನನ್ನ ಅಭಿಪ್ರಾಯ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ಯಾವುದನ್ನು ಬಳಸಬಾರದು ಎಂಬ ಎಚ್ಚರವಿದ್ದರೆ ಸಾಕು.

ವಿಚಿತ್ರವೆಂದರೆ ಅತ್ಯಂತ ಸುಲಭವಾದ ಕಡೆಯೇ ಹೆಚ್ಚು ಮಂದಿ ಜಾರುತ್ತಾರೆ. ಬರುತ್ತೇನೆ, ಬರುತ್ತೀಯ, ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಬರುತ್ತೇವೆ, ಬರುತ್ತೀರಿ, ಬರುತ್ತಾರೆ ಎಂದು ಎಂಟು ರೂಪಗಳನ್ನು ನಾಲ್ಕು ವರ್ಷದ ಕನ್ನಡದ ಮಗು ತಪ್ಪಿಲ್ಲದೆ ಆಡುತ್ತದೆ. ಇಂಗ್ಲಿಷಿನಲ್ಲಿರುವುದು 'ಕಮ್' ಮತ್ತು 'ಕಮ್ಸ್' ಎರಡೇ. ಆ ಒಂದು 'ಎಸ್' ಅಕ್ಷರ ಪದವೀಧರರ ಬರವಣಿಗೆಯಲ್ಲೂ ಉದುರಿಹೋಗುತ್ತದೆ. ಇದಕ್ಕೆ ಹೊಸ ನಿಯಮ ಕಲಿಯುವುದೇನೂ ಇಲ್ಲ. ಬರೆದದ್ದನ್ನು ಕೊನೆಗೊಮ್ಮೆ ಅದೊಂದನ್ನೇ ಹುಡುಕುತ್ತ ಓದಿದರಾಯಿತು.

ಮನೆಯಲ್ಲೇ ಮಾಡಬಹುದಾದ, ಬಹಳ ಹಳೆಯ ಒಂದು ಅಭ್ಯಾಸವನ್ನು ಇಲ್ಲಿ ಹೇಳಬೇಕು. ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ರಾಣಿಗೆ ಪಾಠ ಹೇಳಿದ ರೋಜರ್ ಆಸ್ಕಮ್ ಎಂಬ ಗುರು ಲ್ಯಾಟಿನ್ ಕಲಿಸಲು ಇದನ್ನು ಬೋಧಿಸಿದ. 1570ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ವಿವರವಿದೆ. ಪಠ್ಯದ ಐದಾರು ಇಂಗ್ಲಿಷ್ ವಾಕ್ಯಗಳನ್ನು ಕನ್ನಡಕ್ಕೆ ಮಾಡಿ ಒಂದು ಹಾಳೆಯಲ್ಲಿ ಬರೆಯಿರಿ. ಪುಸ್ತಕ ಮುಚ್ಚಿಡಿ. ಎರಡು ದಿನ ಬಿಟ್ಟು ಆ ಕನ್ನಡವನ್ನು ನೋಡುತ್ತ ಮತ್ತೆ ಇಂಗ್ಲಿಷಿಗೆ ತನ್ನಿ. ಆಮೇಲೆ ಮೂಲದೊಂದಿಗೆ ಹೋಲಿಸಿ. ಎಲ್ಲೆಲ್ಲಿ ಬೇರೆಯಾಯಿತೋ ಅದೇ ನಿಮ್ಮ ವ್ಯಾಕರಣದ ಪಾಠ. ಟ್ಯೂಷನ್ನಿನ ಖರ್ಚಿಲ್ಲ, ತಿದ್ದಲು ಮೇಷ್ಟ್ರೂ ಬೇಡ. ಮುದ್ರಿತ ಪುಸ್ತಕವೇ ತಿದ್ದುತ್ತದೆ.

ಒಂದು 'ಹಾಕು', ಏಳು ಇಂಗ್ಲಿಷ್

ಶಬ್ದಭಂಡಾರದ ವಿಷಯಕ್ಕೆ ಬಂದರೆ, ಹಳ್ಳಿಯ ಮಗುವಿಗೂ ಇಂಗ್ಲಿಷ್ ಶಬ್ದಗಳು ನೂರಾರು ಗೊತ್ತು. ಬಸ್ಸು, ಟಿಕೆಟ್ಟು, ಲೈಟು, ಸ್ವಿಚ್ಚು, ಪಂಪು, ಪೈಪು, ಡಾಕ್ಟರು, ಕೋರ್ಟು, ಲೋನು. ಉಕಾರ ಸೇರಿಸಿ ಇವನ್ನು ಕನ್ನಡದ ಮನೆಗೆ ಕರೆದುಕೊಂಡಿದ್ದೇವೆ. ರಜೆಯಲ್ಲಿ ಇಂಥ ಪದಗಳ ಪಟ್ಟಿ ಮಾಡಿಸಿ, ಉಕಾರ ಕಳಚಿ ಕಾಗುಣಿತ ಕಲಿಸಿದರೆ ಅರ್ಥ ಕಲಿಯುವ ಶ್ರಮವಿಲ್ಲ. ಕೆಲವು ಮಾತ್ರ ದಾರಿಯಲ್ಲಿ ಅರ್ಥ ಬದಲಿಸಿಕೊಂಡಿವೆ. ನಾವು 'ಹೋಟೆಲ್' ಎಂದಾಗ ದೋಸೆ ನೆನಪಾಗುತ್ತದೆ, ಇಂಗ್ಲಿಷಿನವನಿಗೆ ಹಾಸಿಗೆ. ನಮ್ಮ 'ಡೌಟು' ಪಾಠದಲ್ಲಿ ಕೇಳುವ ಪ್ರಶ್ನೆ, ಅವರದು ಸಂಶಯ. ಕಾಲೇಜಿನಿಂದ 'ಪಾಸ್ ಔಟ್' ಆದೆ ಎಂದು ಹೊರದೇಶದವರಿಗೆ ಹೇಳಿದರೆ ಕಾಲೇಜಿನಲ್ಲಿ ಮೂರ್ಛೆ ಹೋದಿರೇ ಎಂದು ಗಾಬರಿಯಾದಾರು.

ದಿನಕ್ಕೆ ಹತ್ತು ಪದ ಎಂದು ನಿಘಂಟಿನಿಂದ ಇಳಿಸಿ ಬಾಯಿಪಾಠ ಮಾಡಿಸುವ ತಂದೆಯರಿದ್ದಾರೆ. ಅವರ ಶ್ರದ್ಧೆಗೆ ನಮಸ್ಕಾರ. ಆದರೆ ಪದಗಳು ಒಂಟಿಯಾಗಿ ಬದುಕುವುದಿಲ್ಲ. ನಮ್ಮ 'ಹಾಕು' ಪದವನ್ನೇ ತೆಗೆದುಕೊಳ್ಳಿ. ಅಂಗಿ ಹಾಕಿದರೆ 'ಪುಟ್ ಆನ್', ಬೀಗ ಹಾಕಿದರೆ 'ಲಾಕ್', ಫ್ಯಾನ್ ಹಾಕಿದರೆ 'ಸ್ವಿಚ್ ಆನ್', ರಂಗೋಲಿ ಹಾಕಿದರೆ 'ಡ್ರಾ', ಅರ್ಜಿ ಹಾಕಿದರೆ 'ಅಪ್ಲೈ', ಲೋಟಕ್ಕೆ ಹಾಲು ಹಾಕಿದರೆ 'ಪೋರ್', ಮತ ಹಾಕಿದರೆ 'ವೋಟ್'. 'ಹಾಕು ಅಂದರೆ ಪುಟ್' ಎಂದಷ್ಟೇ ಕಲಿತ ಹುಡುಗ ಫ್ಯಾನನ್ನು 'ಪುಟ್' ಮಾಡದೆ ಇನ್ನೇನು ಮಾಡಿಯಾನು? ಆದ್ದರಿಂದ ನೋಟುಪುಸ್ತಕದಲ್ಲಿ ಪದವನ್ನು ಅದರ ಜೊತೆಗಾರನೊಂದಿಗೆ, ಚಿಕ್ಕ ವಾಕ್ಯದಲ್ಲೇ ಬರೆದುಕೊಳ್ಳಬೇಕು.

ನಿಘಂಟಿನ ಬಗ್ಗೆ ಒಂದು ಮಾತು. ಆರಂಭದಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ಬೇಕೇ ಬೇಕು. ಎಂಟನೆಯ ತರಗತಿ ದಾಟಿದ ಮೇಲೆ, ಭಾಷೆ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟನ್ನೂ ಪಕ್ಕದಲ್ಲಿಡಿ. ಈ ಬಗೆಯ ನಿಘಂಟನ್ನು ರೂಪಿಸಿದವರಲ್ಲಿ ಪ್ರಮುಖ ಎ.ಎಸ್. ಹಾರ್ನ್‌ಬಿ. ಜಪಾನಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ಆತ, ಅಲ್ಲಿನ ವಿದ್ಯಾರ್ಥಿಗಳು ಎಲ್ಲಿ ಎಡವುತ್ತಾರೆಂದು ನೋಡಿ ತನ್ನ ಸಂಗಡಿಗರೊಂದಿಗೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಹೊರಬಂತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಪ್ರಕಟಿಸಿತು. ಇಂದಿನ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಅದೇ. ಅದರಲ್ಲಿ ಅರ್ಥದ ಜೊತೆಗೆ ವಾಕ್ಯವೂ ಇರುತ್ತದೆ.

ಕಲಿತದ್ದು ಮರೆಯದಿರಲು ಏನು ಮಾಡಬೇಕು? ಜರ್ಮನಿಯ ಎಬಿಂಗ್‌ಹೌಸ್ ಎಂಬ ಮನೋವಿಜ್ಞಾನಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದ ಸಂಗತಿ ಇದು: ಮರೆವು ಮೊದಲ ಗಂಟೆಗಳಲ್ಲಿ, ಮೊದಲ ದಿನದಲ್ಲಿ ವೇಗವಾಗಿ ನಡೆದು ಆಮೇಲೆ ನಿಧಾನವಾಗುತ್ತದೆ. ಎಂದರೆ ಕಲಿತ ಮರುದಿನವೇ ಒಮ್ಮೆ, ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ ತಿರುವಿಹಾಕಬೇಕು. ಇದಕ್ಕೊಂದು ಸುಲಭ ಉಪಾಯವನ್ನು 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬಾತ ಪ್ರಚಾರಕ್ಕೆ ತಂದ. ನಮ್ಮ ಮನೆಗಳಲ್ಲಿ ಮದುವೆಯ ಕರೆಯೋಲೆಗಳಿಗೆ ಬರವಿಲ್ಲವಷ್ಟೆ. ಅವುಗಳ ಖಾಲಿ ಭಾಗವನ್ನು ಕತ್ತರಿಸಿ, ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದರಲ್ಲಿ ಇಂಗ್ಲಿಷ್ ಬರೆಯಿರಿ. ಚಪ್ಪಲಿ ಡಬ್ಬಿಯೊಂದರಲ್ಲಿ ಮೂರು ಖಾನೆ ಮಾಡಿ. ಹೊಸ ಕಾರ್ಡು ಮೊದಲ ಖಾನೆಗೆ. ಅದನ್ನು ದಿನವೂ ನೋಡಬೇಕು. ಸರಿಯಾಗಿ ಹೇಳಿದರೆ ಎರಡನೆಯದಕ್ಕೆ ಬಡ್ತಿ, ಅದು ಮೂರು ದಿನಕ್ಕೊಮ್ಮೆ. ಮೂರನೆಯದು ವಾರಕ್ಕೊಮ್ಮೆ. ತಪ್ಪಿದ ಕಾರ್ಡು ಎಲ್ಲಿದ್ದರೂ ಮೊದಲ ಖಾನೆಗೇ ವಾಪಸು. ಮಕ್ಕಳು ಇದನ್ನು ಆಟವೆಂದೇ ಆಡುತ್ತಾರೆ.

ಅರ್ಥವಾಗದೆ ಬಂದ ಅಂಕ

ಈಗ ಒಂದು ಸಣ್ಣ ಪರೀಕ್ಷೆ. 'ಟಿಂಬುಕವು ಗೊಪ್ಪಳದ ಮೇಲೆ ಲೊಸಗಿತು.' ಪ್ರಶ್ನೆ: ಟಿಂಬುಕವು ಎಲ್ಲಿ ಲೊಸಗಿತು? ಉತ್ತರ: ಗೊಪ್ಪಳದ ಮೇಲೆ. ನಿಮಗೆ ಪೂರ್ತಿ ಅಂಕ! ಟಿಂಬುಕ ಹಕ್ಕಿಯೋ ಹಡಗೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ನಮ್ಮ ಎಷ್ಟೋ ಮಕ್ಕಳು ಇಂಗ್ಲಿಷ್ ಗದ್ಯಭಾಗ ಕೊಟ್ಟು ಕೇಳುವ ಪ್ರಶ್ನೆಗಳಿಗೆ ಹೀಗೆಯೇ ಉತ್ತರಿಸುತ್ತಾರೆ. ಪ್ರಶ್ನೆಯಲ್ಲಿರುವ ಪದವನ್ನು ಗದ್ಯದಲ್ಲಿ ಹುಡುಕುವುದು, ಆ ಸಾಲನ್ನು ಇಳಿಸುವುದು. ಅಂಕ ಬರುತ್ತದೆ, ಅಪ್ಪ ಅಮ್ಮನಿಗೆ ಸಮಾಧಾನ. ಮಗು ಓದಬಲ್ಲದೇ ಎಂಬುದು ಮಾತ್ರ ಪಿಯುಸಿಯ ಮೊದಲ ತಿಂಗಳವರೆಗೂ ಯಾರಿಗೂ ತಿಳಿಯುವುದಿಲ್ಲ.

ಇದನ್ನು ಮನೆಯಲ್ಲೇ ಕಂಡುಹಿಡಿಯಬಹುದು, ಅದಕ್ಕೆ ಪೋಷಕರಿಗೆ ಇಂಗ್ಲಿಷ್ ಬರಬೇಕಾಗಿಲ್ಲ. ಮಗು ಓದಿದ ಮೇಲೆ ಪುಸ್ತಕ ಮುಚ್ಚಿಸಿ, 'ಏನಿತ್ತು, ಕನ್ನಡದಲ್ಲಿ ಹೇಳು' ಎನ್ನಿ. ಆಮೇಲೆ ಸುಮ್ಮನೆ ಕೇಳುತ್ತ ಹೋಗಿ: ಅವನು ಯಾಕೆ ಹಾಗೆ ಮಾಡಿದ? ಅವಳಿಗೆ ಕೋಪ ಬಂತೇ? ನೀನಾಗಿದ್ದರೆ? ಅರ್ಥವಾಗಿದ್ದರೆ ಮಗು ಹೇಳುತ್ತದೆ. ಇಲ್ಲದಿದ್ದರೆ ತಾನೇ ಪುಸ್ತಕ ತೆರೆದು ಮತ್ತೆ ನೋಡುತ್ತದೆ. ಒಂದಕ್ಷರ ಇಂಗ್ಲಿಷ್ ಬಾರದ ತಾಯಿ ಈ ಕೆಲಸವನ್ನು ದುಬಾರಿ ಕೋಚಿಂಗ್ ಕ್ಲಾಸಿಗಿಂತ ಚೆನ್ನಾಗಿ ಮಾಡಬಲ್ಲಳು. ನೆಂಟರೆದುರು 'ಇಂಗ್ಲಿಷಿನಲ್ಲಿ ಮಾತಾಡಿ ತೋರಿಸು' ಎಂದು ಮಗುವನ್ನು ನಿಲ್ಲಿಸುವುದಕ್ಕಿಂತಲೂ ಇದು ಮೇಲು.

ಗೊತ್ತಿಲ್ಲದ ಪದ ಬಂದಾಗಲೆಲ್ಲ ನಿಲ್ಲಬೇಕೆ? 'ಅಜ್ಜಿ ತೆಂಗಿನ ಗರಿಯಿಂದ ಜಿಬುಕ ಹೆಣೆದು ಅಂಗಳದಲ್ಲಿ ಹಾಸಿ, ಅದರ ಮೇಲೆ ಹಪ್ಪಳ ಒಣಹಾಕಿದಳು.' ಜಿಬುಕ ಎಂಬ ಪದ ಯಾವ ನಿಘಂಟಿನಲ್ಲೂ ಇಲ್ಲ, ಆದರೂ ಅದು ಚಾಪೆಯಂಥದ್ದೆಂದು ನಿಮಗೆ ಗೊತ್ತಾಯಿತು. ಇಂಗ್ಲಿಷಿನಲ್ಲೂ ಹೀಗೆ ಊಹಿಸಬಹುದು, ಒಂದು ಷರತ್ತಿನ ಮೇಲೆ: ಸುತ್ತಲಿನ ಪದಗಳು ಗೊತ್ತಿರಬೇಕು. ನ್ಯೂಜಿಲೆಂಡಿನ ಪಾಲ್ ನೇಷನ್ ಮತ್ತು ಅವರ ಸಹೋದ್ಯೋಗಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಥೆಯೊಂದನ್ನು ಯಾರ ನೆರವೂ ಇಲ್ಲದೆ ಸಲೀಸಾಗಿ ಓದಲು ನೂರಕ್ಕೆ ಸುಮಾರು 98 ಪದಗಳು ತಿಳಿದಿರಬೇಕು. ಐವತ್ತು ಪದಕ್ಕೆ ಒಂದೇ ಒಂದು ಹೊಸ ಪದ! ಇಂಗ್ಲಿಷ್ ದಿನಪತ್ರಿಕೆಯ ಸಂಪಾದಕೀಯವನ್ನು ಎಂಟನೆಯ ತರಗತಿಯ ಹುಡುಗನ ಕೈಗೆ ಕೊಟ್ಟು 'ದಿನವೂ ಓದು' ಎನ್ನುವವರು ಈ ಲೆಕ್ಕವನ್ನು ಗಮನಿಸಬೇಕು. ಒಂದು ಪುಟ ತೆರೆದು ಗೊತ್ತಿಲ್ಲದ ಪದಕ್ಕೊಂದರಂತೆ ಬೆರಳು ಮಡಿಸಿ. ಕೈಯ ಐದೂ ಬೆರಳು ಮಡಿಸಿಹೋದರೆ ಆ ಪುಸ್ತಕ ಸದ್ಯಕ್ಕೆ ಬೇಡ.

ಸುಲಭದ್ದನ್ನು ಹೇರಳವಾಗಿ ಓದಬೇಕು ಎಂಬ ಈ ಮಾತು ಹೊಸದಲ್ಲ. ಢಾಕಾದಲ್ಲಿ ಶಿಕ್ಷಕರ ಕಾಲೇಜಿನ ಮುಖ್ಯಸ್ಥನಾಗಿದ್ದ ಮೈಕೇಲ್ ವೆಸ್ಟ್ 1920ರ ದಶಕದಲ್ಲೇ ಬಂಗಾಳಿ ಮಕ್ಕಳಿಗಾಗಿ, ಹೊಸ ಪದಗಳು ಸ್ವಲ್ಪಸ್ವಲ್ಪವಾಗಿ ಬರುವಂಥ ವಾಚನ ಪುಸ್ತಕಗಳನ್ನು ಮಾಡಿದ್ದ. 1953ರಲ್ಲಿ ಅವನು ಪ್ರಕಟಿಸಿದ ಸುಮಾರು 2,000 ಪದಗಳ ಪಟ್ಟಿ, ಸಾಮಾನ್ಯ ಇಂಗ್ಲಿಷ್ ಬರಹದ ಹತ್ತರಲ್ಲಿ ಎಂಟು ಭಾಗವನ್ನು ತುಂಬುತ್ತದೆ. ಅಪರೂಪದ ಪದಗಳ ಬೆನ್ನು ಹತ್ತುವ ಮುನ್ನ ಈ ಎರಡು ಸಾವಿರ ಗಟ್ಟಿಯಾಗಲಿ.

ನಮ್ಮ ಬೆಂಗಳೂರಿನ ಹೆಸರು ಜಗತ್ತಿನ ಭಾಷಾ ಶಿಕ್ಷಕರಿಗೆಲ್ಲ ಪರಿಚಿತವಾಗಿರುವುದು ಬೇರೊಂದು ಕಾರಣಕ್ಕೆ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಕಾರದೊಂದಿಗೆ ಒಂದು ಪ್ರಯೋಗ ನಡೆಸಿದರು. ವ್ಯಾಕರಣದ ಪಾಠವನ್ನೇ ಬದಿಗಿಟ್ಟು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕ್ಷೆಗಳನ್ನಿಟ್ಟರು. ಯಾವ ರೈಲು ಹಿಡಿದರೆ ಸಮಯಕ್ಕೆ ತಲುಪಬಹುದು? ಯಾವ ದಾರಿ ಹತ್ತಿರ? ಲೆಕ್ಕ ಬಿಡಿಸುವ ಗಡಿಬಿಡಿಯಲ್ಲಿ ಮಕ್ಕಳು ಇಂಗ್ಲಿಷನ್ನು ಓದಿ ಅರ್ಥಮಾಡಿಕೊಂಡರು. ಜಗತ್ತಿನಾದ್ಯಂತ 'ಬೆಂಗಳೂರು ಪ್ರಾಜೆಕ್ಟ್' ಎಂದು ಹೆಸರಾದ ಇದರ ಕುರಿತು ಪ್ರಭು 1987ರಲ್ಲಿ ಪುಸ್ತಕ ಬರೆದರು. ವ್ಯಾಕರಣ ಪೂರ್ತಿ ಬಿಡಬೇಕೆಂಬುದನ್ನು ನಾನು ಒಪ್ಪಲಾರೆ. ಆದರೆ ವೇಳಾಪಟ್ಟಿ, ಗೊಬ್ಬರದ ಚೀಲದ ಮೇಲಿನ ಸೂಚನೆ, ಮಿಕ್ಸಿಯ ಜೊತೆ ಬಂದ ಕೈಪಿಡಿ ಇವುಗಳನ್ನು ಮಗುವಿಗೆ ಕೊಟ್ಟು 'ಓದಿ ಹೇಳು, ನಮಗೆ ಬೇಕಾಗಿದೆ' ಎಂದರೆ ಓದಿಗೆ ಕಾರಣ ಸಿಗುತ್ತದೆ.

ಕಥೆಗಳಲ್ಲಿ ಯಾವುದು? ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1980ರಲ್ಲಿ ಆರಂಭಿಸಿದ 'ಟಿಂಕಲ್' ಕಿರಿಯರಿಗೆ ಹಿತವಾದ ಆರಂಭ. ಅಂತರ್ಜಾಲವಿರುವವರಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ 'ಸ್ಟೋರಿವೀವರ್' ತಾಣದಲ್ಲಿ ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿ ಸಿಗುತ್ತವೆ. ಮೊದಲು ಕನ್ನಡದಲ್ಲಿ ಓದಿಸಿ, ಮರುದಿನ ಇಂಗ್ಲಿಷಿನಲ್ಲಿ ಓದಿಸಿ. ಪ್ರೌಢಶಾಲೆಯ ಕೊನೆಯ ವರ್ಷಗಳಿಗೆ ಆರ್.ಕೆ. ನಾರಾಯಣ್ ಇದ್ದಾರೆ. ಮೈಸೂರಿನಲ್ಲಿ ನೆಲೆಸಿದ್ದ ಅವರ ಮೊದಲ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಬಂದದ್ದು 1935ರಲ್ಲಿ. ಸಣ್ಣ ವಾಕ್ಯ, ದಿನಬಳಕೆಯ ಪದ, ಜೊತೆಗೆ ನಮಗೆ ಪರಿಚಿತವಾದ ಅಜ್ಜಿ, ಮೇಷ್ಟ್ರು, ಲೆಕ್ಕದ ಪಾಠ, ಕ್ರಿಕೆಟ್ ಟೀಮು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಇದೇ ಸ್ವಾಮಿಯನ್ನು ತಂದೆ ತಾಯಂದಿರು ನೋಡಿರುತ್ತಾರೆ. ಮಗು ಒಂದು ಅಧ್ಯಾಯ ಓದಿ ಬಂದು ಕಥೆ ಹೇಳಿದಾಗ, ಮುಂದೇನಾಯಿತೆಂದು ಅವರಿಗೂ ಸ್ವಲ್ಪ ನೆನಪಿರುತ್ತದೆ.